ಎರಡು ಉಪಮೆ ಕಡ್ಡಾಯ

"ಬಾಂಬ್ ಬಿದ್ರೆ ಹೆಂಗೆ ಸೌಂಡ್ ಬರತ್ತೆ ಅಜ್ಜಿ?"

ನಿಹಾರಿಕಾ ಪೆನ್ನಿನ ತುದಿ ಕಚ್ಚುತ್ತ ಕೇಳಿದಳು. ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನಾಗವೇಣಿ ಕೈ ನಿಲ್ಲಿಸದೆ, "ಧಡಾರ್ ಅಂತ ಹಾಕು. ಆಮೇಲೆ ಗಡಗಡ, ಧಗಧಗ," ಎಂದರು. ಎಂಟನೇ ತರಗತಿಯ ಇಂಗ್ಲಿಷ್ ಟೀಚರ್ ಯುದ್ಧದ ಮೇಲೊಂದು ಪದ್ಯ ಬರೆದು ತರಲು ಹೇಳಿದ್ದರು. ಜೊತೆಗೊಂದು ಪಟ್ಟಿ: ಉಪಮೆ ಎರಡು ಕಡ್ಡಾಯ, ರೂಪಕ ಒಂದು, ಸದ್ದನ್ನೇ ಹೋಲುವ ಪದಗಳು ಮೂರು.

"ಇದೇನೇ, ಪದ್ಯಾನೋ ಸಾರಿನ ಪುಡೀನೋ?"

"ಅಜ್ಜಿ, ಸೀರಿಯಸ್ಲಿ. ಇಟ್ಸ್ ಡ್ಯೂ ಟುಮಾರೋ."

ಮೈಸೂರಿನ ತವರಿನಲ್ಲಿ ಸಂಜೆಯ ಕಾವ್ಯವಾಚನ ಕೇಳುತ್ತಲೇ ಬೆಳೆದ ನಾಗವೇಣಿಗೆ ಯುದ್ಧವೆಂದರೆ ಕಿವಿಗೆ ಬೀಳುವಂಥದ್ದು. ಬಿಲ್ಲಿನ ಠೇಂಕಾರ, ಆನೆಗಳ ಘೀಳು, ದೊಡ್ಡಪ್ಪನ ಕಂಠದಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಬಡಿದು ಕಿಡಿ ಹಾರಿಸುತ್ತಿದ್ದುದು. ಆ ರುಚಿಯನ್ನು ಮೊಮ್ಮಗಳಿಗೂ ಹತ್ತಿಸುವ ಹುಮ್ಮಸ್ಸಿನಲ್ಲಿ ಮನೆಯಲ್ಲಿ ಇನ್ನೊಬ್ಬಳಿದ್ದಾಳೆಂಬುದನ್ನೇ ಮರೆತಿದ್ದರು.

ಮಗಳು ಮಧುರಾ ಅರಿವಳಿಕೆ ವೈದ್ಯೆ. ಯುದ್ಧ ನಡೆಯುತ್ತಿದ್ದ ದೂರದ ಊರೊಂದರ ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಹೋಗಿ ನಾಲ್ಕು ತಿಂಗಳಿದ್ದು, ಮೂರು ವಾರದ ಹಿಂದೆ, ತಾವೆಲ್ಲ ನೆಲೆಸಿದ್ದ ಪರದೇಶದ ಬಡಾವಣೆ ಸದರ್ನ್ ರಿವರ್‌ನ ಈ ಮನೆಗೆ ಮರಳಿದ್ದಳು. ಹೇಗಿತ್ತು ಎಂದರೆ "ಬಿಸಿಲಿತ್ತು" ಎನ್ನುತ್ತಿದ್ದಳು. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಡ್ಯೂಟಿಗೆ ಹೋಗುತ್ತಿದ್ದಳು. ಅಷ್ಟೇ. ನಾಗವೇಣಿ ದಿನವೂ ದೇವರ ಮುಂದೆ ಕೂತು ಒಂದೇ ಮಾತು ಕೇಳಿಕೊಳ್ಳುತ್ತಿದ್ದರು: ಇವಳು ಬಾಯಿ ಬಿಡಲಿ.

ಈಗ ಅವಳು ಬಾಗಿಲಲ್ಲಿ ನಿಂತಿದ್ದಳು, ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ.

"ಓದು, ಕೇಳೋಣ."

ನಿಹಾರಿಕಾ ಓದಿದಳು. ಗುಂಡುಗಳು ಜೇನಿನಂತೆ ಮೊರೆದವು. ಆಕಾಶ ತಗಡಿನಂತೆ ಹರಿದುಹೋಯಿತು. ಇಂಗ್ಲಿಷಿನ ನಡುವೆ ಅಜ್ಜಿಯ ಧಡಾರ್ ಕೂಡ ಬಂತು. ಕೊನೆಗೆ ಸೈನಿಕನೊಬ್ಬ ಸೂತ್ರ ಹರಿದ ಗಾಳಿಪಟದಂತೆ ಬಿದ್ದ. ನಾಗವೇಣಿಗೆ ಮಗಳ ಮುಖ ನೋಡಲಾಗಲಿಲ್ಲ.

"ಆ ಸೌಂಡ್ ಅಲ್ಲ ಪುಟ್ಟಾ." ಮಧುರಾ ಕುರ್ಚಿ ಎಳೆದು ಕೂತಳು. "ಮೊದ್ಲು ಕರೆಂಟ್ ಹೋಗತ್ತೆ. ಆಮೇಲೆ ಚಪ್ಪಲಿ. ಕಾರಿಡಾರಲ್ಲಿ ಪಟಪಟ ಪಟಪಟ ಅಂತ ಓಡ್ತಿರ್ತಾರೆ. ಆಮೇಲೆ ಯಾರೋ ಒಂದು ಹೆಸರು ಕೂಗ್ತಾರೆ. ಅದೇ ಹೆಸರು, ಮತ್ತೆ ಮತ್ತೆ."

"ಲೈಕ್ ವಾಟ್, ಅಮ್ಮಾ?" ನಿಹಾರಿಕಾ ಪೆನ್ನು ಹಿಡಿದು ಸಿದ್ಧಳಾಗಿದ್ದಳು.

"ಯಾವ್ದರ ಥರಾನೂ ಅಲ್ಲ. ಒಬ್ಬ ಹುಡುಗನ ಹೆಸರು, ಅಷ್ಟೇ. ಆ ಹುಡುಗನ್ನ ಆಪರೇಷನ್ನಿಗೆ ನಾನೇ ಮಲಗಿಸ್ದೆ. ಹತ್ತರವರೆಗೆ ಎಣಿಸು ಅಂದೆ. ನಾಲ್ಕಕ್ಕೆ ನಿದ್ದೆ ಬಂತು. ಮತ್ತೆ ಎಚ್ಚರ ಆಗ್ಲಿಲ್ಲ." ಅವಳು ಎದ್ದಳು. "ಸಾಕು. ಸುಸ್ತಾಗಿದೆ."

ದೊಡ್ಡಪ್ಪನ ವಾಚನಕ್ಕೆ ಒಂದು ನಿಯಮವಿತ್ತು. ಯುದ್ಧದ ಭಾಗ ಓದುವಾಗ, ಯಾರಾದರೂ ಬಿದ್ದಲ್ಲಿಗೆ ಆ ದಿನದ ಓದು ನಿಲ್ಲಿಸುವಂತಿಲ್ಲ. ಜ್ವರವಿರಲಿ, ಗಂಟಲು ಕಟ್ಟಿರಲಿ, ಯಾರೋ ಬದುಕಿದ, ಯಾರೋ ಉಂಡ ಪದ್ಯ ಬರುವವರೆಗೆ ಓದಿಯೇ ಪುಸ್ತಕ ಮಡಚಬೇಕು. ನಾಗವೇಣಿ ಮಗಳ ಮಣಿಕಟ್ಟು ಹಿಡಿದರು.

"ಅಲ್ಲಿಗೆ ನಿಲ್ಲಿಸಬಾರದು ಕಣೇ. ಮುಂದೆ?"

"ಮುಂದೆ ಏನಿಲ್ಲಮ್ಮ."

"ಇರತ್ತೆ. ಅವತ್ತು ಇನ್ಯಾರಿದ್ರು?"

ಮಧುರಾ ಮೇಜಿನ ಮೇಲಿದ್ದ ಹುರುಳಿಕಾಯೊಂದನ್ನು ಎತ್ತಿಕೊಂಡಳು. "ಒಬ್ಬಳು ಮುದುಕಿ ಇದ್ಲು. ಹೊಟ್ಟೆ ತುಂಬ ಹೊಲಿಗೆ. ಮೂರನೇ ದಿನ ಸೂಪ್ ಕೊಟ್ರೆ, ಉಪ್ಪಿಲ್ಲ ಅಂತ ವಾಪಸ್ ಕಳಿಸಿದ್ಲು. ನರ್ಸ್‌ಗೆ ಬೈಗುಳ ಬೇರೆ." ಮಧುರಾ ಅಮ್ಮನ ಕಡೆ ತಿರುಗಿದಳು. "ನಿನ್ನ ಥರಾನೇ."

ಅವಳು ಮತ್ತೆ ಕೂತಳು. ನಿಹಾರಿಕಾ ಏನನ್ನೂ ಬರೆದುಕೊಳ್ಳಲಿಲ್ಲ. ಹಿತ್ತಲಿನ ಸ್ಪ್ರಿಂಕ್ಲರ್ ತಾನಾಗಿ ಶುರುವಾಗಿ, ನೀರು ಕಿಟಕಿಗೆ ಪಟಪಟ ಬಡಿಯಿತು. ಮಧುರಾ ಥಟ್ಟನೆ ದೀಪದ ಕಡೆ ನೋಡಿದಳು. ನಾಗವೇಣಿ ಮಣಿಕಟ್ಟು ಬಿಡಲಿಲ್ಲ. ನೀರು ಬೇಲಿಯ ಕಡೆ ತಿರುಗಿ ಹೋಗುವವರೆಗೆ ಮೂವರೂ ಕಾದರು.

"ಆ ಮುದುಕಿ ಪಕ್ಕದ ಬೆಡ್‌ನಲ್ಲಿ ಅವಳ ತಂಗಿ ಇದ್ಲು," ಯಾರೂ ಕೇಳದೆಯೇ ಮಧುರಾ ಮುಂದುವರಿಸಿದಳು.