ಎರಡೂ ಕಿವಿ ಕಾಣಬೇಕು

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಸ್ಟುಡಿಯೋ ನಡೆಸುತ್ತಿರುವ ಈ ಮುನಿರಾಜುವಿಗೆ ಫೋಟೋ ತೆಗೆಯಲು ಬರುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವಳು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಮಗಳು.

"ಅಪ್ಪ, ನಿನ್ ಫೋಟೋದಲ್ಲಿ ಎಲ್ರೂ ನಿಂತಿರ್ತಾರೆ," ಎಂದಳು ತೇಜಶ್ರೀ.

"ನಿಲ್ದೆ ಇನ್ನೇನು? ಪಾಸ್‌ಪೋರ್ಟ್ ಫೋಟೋಗೆ ಯಾರಾದ್ರೂ ಓಡ್ತಾ ಬರ್ತಾರಾ?"

"ನನ್ ಗಾಡಿ ಓಡ್ತಾ ಇರ್ಬೇಕು."

ತೇಜಶ್ರೀಗೆ ಇಪ್ಪತ್ತಮೂರು. ಭಾನುವಾರ ಬಂತೆಂದರೆ ಕೆ.ಆರ್. ಪುರದಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ರೇಸ್ ಬೈಕ್ ಓಡಿಸುತ್ತಾಳೆ. ನಾನು ಒಂದು ರೇಸಿಗೂ ಹೋದವನಲ್ಲ. ಕರೆದಾಗಲೆಲ್ಲ ಯಾವುದೋ ಮದುವೆಯ ಫೋಟೋ ಒಪ್ಪಿಕೊಂಡಿದ್ದೇನೆ ಎನ್ನುತ್ತಿದ್ದೆ. ಮದುವೆಯೇ ನಡೆಯದ ಆಷಾಢದಲ್ಲೂ ಅದನ್ನೇ ಹೇಳಿದ್ದೆ. ನಿಜ ಹೇಳಬೇಕೆಂದರೆ ನನಗೆ ಭಯ. ಅವಳು ಸೈಕಲ್ ಕಲಿಯುವಾಗಲೇ ನನ್ನ ಜೀವ ಬಾಯಿಗೆ ಬಂದಿತ್ತು.

ಈ ಸಲ ವಿಷಯ ಬೇರೆ. ಶಿವಾಜಿನಗರದ ಟೈರ್ ಅಂಗಡಿಯ ಮುಕ್ತಾರ್ ಭಾಯ್ ಮುಂದಿನ ರೇಸಿಗೆ ಅವಳಿಗೊಂದು ಜೊತೆ ಹೊಸ ಟೈರ್ ಕೊಡಲು ಒಪ್ಪಿದ್ದರು. ಬದಲಿಗೆ ಅಂಗಡಿ ಗೋಡೆಗೊಂದು ಫೋಟೋ ಬೇಕಂತೆ. ಚಕ್ರ ತಿರುಗುತ್ತಿರಬೇಕು, ಬೈಕಿನ ಪಕ್ಕಕ್ಕೆ ಅಂಟಿಸಿದ ಸ್ಟಿಕ್ಕರಿನಲ್ಲಿ ಅಂಗಡಿಯ ಹೆಸರು ಓದಲು ಬರಬೇಕು. ರೇಸ್ ಫೋಟೋ ತೆಗೆಯುವ ಹುಡುಗ ಆ ವಾರ ಚೆನ್ನೈಗೆ ಹೋಗಿಬಿಟ್ಟಿದ್ದ.

"ನಾನಿಲ್ವಾ?" ಎಂದೆ.

ತೇಜಶ್ರೀ ಯೋಚಿಸಿದಳು. ಅವಳು ಯೋಚಿಸಿದ ಹೊತ್ತಿನಲ್ಲಿ ನಾನು ಎರಡು ಆಧಾರ್ ಜೆರಾಕ್ಸ್ ಮಾಡಿ ಮುಗಿಸಿದೆ. ನನಗೆ ಬೇಜಾರಾಯಿತು.

"ಸರಿ ಬಾ. ಆದ್ರೆ ಇದು ಕೆಟ್ರೆ ಟೈರೂ ಇಲ್ಲ, ಮುಂದಿನ್ ಸಲ ನಿನ್ನನ್ನ ಕರೆಯೋದೂ ಇಲ್ಲ. ಆಮೇಲೆ ಮುಖ ಊದಿಸ್ಕೋಬಾರ್ದು."

ಅವಳೇ ಪಾಠ ಹೇಳಿಕೊಟ್ಟಳು. ಕ್ಯಾಮೆರಾದ ಶಟರ್ ನಿಧಾನ ಇಡಬೇಕು. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಬೈಕ್ ಬರುತ್ತಿದ್ದ ಹಾಗೆಯೇ ಸೊಂಟದಿಂದ ಅದರ ಜೊತೆ ತಿರುಗಬೇಕು. ಕ್ಲಿಕ್ ಮಾಡಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಆಗ ಬೈಕ್ ಸ್ಪಷ್ಟವಾಗಿ ಬಂದು ಹಿಂದಿನದೆಲ್ಲ ಗೆರೆಗೆರೆಯಾಗುತ್ತದಂತೆ.

ಅಭ್ಯಾಸಕ್ಕೆ ಅಂಗಡಿಯ ಮುಂದೆಯೇ ನಿಂತೆ. ಆದರೆ ನಮ್ಮ ರಸ್ತೆಯಲ್ಲಿ ನನ್ನ ಕ್ಯಾಮೆರಾ ಗೊತ್ತಿಲ್ಲದವರು ಯಾರು? ಒಂದು ಆಟೋದ ಕಡೆ ತಿರುಗಿಸಿದೆ. ಡ್ರೈವರ್ ಬ್ರೇಕ್ ಹಾಕಿ, ಕಾಲರ್ ಸರಿಮಾಡಿಕೊಂಡು, ಗದ್ದ ಎತ್ತಿದ. ಸ್ಕೂಟರಿನಲ್ಲಿ ಬಂದವರು ಹೆಲ್ಮೆಟ್ ತೆಗೆದು ತಲೆ ಬಾಚಿಕೊಂಡರು. ಹೂ ಮಾರುವ ಯಂಕಮ್ಮ ತಳ್ಳುಗಾಡಿ ನಿಲ್ಲಿಸಿ, ಸೆರಗು ಹೊದ್ದು, ಕಿವಿಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು.

"ನಿಲ್ಬೇಡಮ್ಮ, ಹೋಗ್ತಾ ಇರು!"

"ಹೋಗ್ತಾ ಇದ್ರೆ ಕಿವಿ ಹೆಂಗಪ್ಪಾ ಕಾಣ್ತವೆ?"

ಅದು ನನ್ನದೇ ಪಾಠ. ಗದ್ದ ಮೇಲಕ್ಕೆ, ಎರಡೂ ಕಿವಿ ಕಾಣಬೇಕು, ಕಣ್ಣು ಮುಚ್ಚಬಾರದು ಎಂದು ಇಡೀ ಏರಿಯಾಕ್ಕೆ ಕಲಿಸಿದವನು ನಾನೇ. ಹಿಂದೆ ಟ್ರಾಫಿಕ್ ಜಾಮಾಯಿತು. ಒಂದು ನಾಯಿಯನ್ನಾದರೂ ಹಿಡಿಯೋಣವೆಂದರೆ ಅದೂ ಕೂತುಬಿಟ್ಟಿತು.

ಭಾನುವಾರ ಟ್ರ್ಯಾಕಿಗೆ ಹೋದೆ. ಮುಕ್ತಾರ್ ಭಾಯ್ ಬೇಕರಿಯಿಂದ ಒಂದು ಡಬ್ಬ ದಿಲ್‌ಪಸಂದ್, ಅದೇ ಕೊಬ್ಬರಿ ಹೂರಣದ ಸಿಹಿ ಬನ್ನು, ಹಿಡಿದು ಮೊದಲೇ ಬಂದಿದ್ದರು. ಎಂಟು ಬೈಕುಗಳು ಸಾಲಾಗಿ ಗುಡುಗುಡು ಎನ್ನುತ್ತ ಬಾವುಟಕ್ಕೆ ಕಾಯುತ್ತಿದ್ದವು. ಎಂಥಾ ಗ್ರೂಪ್ ಫೋಟೋ! ಎದುರಿಗೆ ಹೋಗಿ ಕ್ಯಾಮೆರಾ ಎತ್ತಿದೆ. ಛತ್ರದಲ್ಲಿ ವಾಲಗವನ್ನೂ ಮೀರಿಸುವ ಗಂಟಲು ನನ್ನದು. ಅಭ್ಯಾಸ ಬಲ, ಕೂಗಿಯೇಬಿಟ್ಟೆ.

"ರೆಡಿ! ಒನ್, ಟೂ, ತ್ರೀ!"

ಎಲ್‌ಕೆಜಿಯ ಓಟದ ಪಂದ್ಯದಿಂದಲೂ ನನ್ನ 'ತ್ರೀ' ಕೇಳಿದರೆ ಓಡಿಯೇ ಅಭ್ಯಾಸವಾಗಿದ್ದ ನನ್ನ ಮಗಳು ಬಾಣದ ಹಾಗೆ ಹೊರಟಳು. ಅವಳು ಹೋದಳೆಂದು ಉಳಿದ ಏಳು ಜನವೂ ಹೊರಟರು. ನಾನು ಪಕ್ಕಕ್ಕೆ ಹಾರಿದೆ. ಬಾವುಟ ಮಾತ್ರ ಇನ್ನೂ ಕೆಳಗೇ ಇತ್ತು.

ಎಲ್ಲರನ್ನೂ ವಾಪಸ್ ಕರೆಸಿದ ಮೇಲೆ ಬಾವುಟದ ಅಧಿಕಾರಿ ನನ್ನ ಹತ್ತಿರ ಬಂದರು. "ರೀ, ಇನ್ನೊಂದು ಮಾತು ನಿಮ್ ಬಾಯಿಂದ ಬಂದ್ರೆ ನಲವತ್ತೊಂದನೇ ನಂಬರ್ ಔಟ್." ನಲವತ್ತೊಂದು ತೇಜಶ್ರೀಯ ನಂಬರು. ನನ್ನನ್ನು ದೂರದ ತಿರುವಿಗೆ, ತಡೆಗೋಡೆಯಾಗಿ ಪೇರಿಸಿದ್ದ ಹಳೇ ಟೈರುಗಳ ಹಿಂದಕ್ಕೆ ಅಟ್ಟಿದರು.

"ಅಣ್ಣಾ, ನಿಮ್ ಬಾಯಿ ಮೇಲೆ ನನಗೆ ಭರೋಸಾ ಇಲ್ಲ," ಎಂದು ಮುಕ್ತಾರ್ ಭಾಯ್ ಒಂದು ದೊಡ್ಡ ತುಂಡು ದಿಲ್‌ಪಸಂದನ್ನು ನನ್ನ ಬಾಯಿಗೆ ತುರುಕಿದರು. "ರೇಸ್ ಮುಗಿಯೋ ತನಕ ನುಂಗ್ಬೇಡಿ."

ಎರಡೂ ಕೆನ್ನೆ ಉಬ್ಬಿಸಿಕೊಂಡು ಮೊದಲ ಸುತ್ತಿನ ರೇಸ್ ಪೂರ್ತಿ ಫೋಟೋ ತೆಗೆದೆ. ಮುಗಿದ ಮೇಲೆ ತೇಜಶ್ರೀ ಬಂದು ಕ್ಯಾಮೆರಾ ನೋಡಿದಳು. ಅರವತ್ತು ಫೋಟೋ. ಧೂಳು, ಆಕಾಶ, ಒಂದು ಹಿಂದಿನ ಚಕ್ರ, ಯಾರದೋ ಹೊಟ್ಟೆ.

"ಅಪ್ಪ, ಕಣ್ ಮುಚ್ಕೊಂಡಿದ್ಯಾ?"

"ಧೂಳು ಕಣೇ." ದಿಲ್‌ಪಸಂದಿನ ಪುಡಿ ಹಾರಿತು.

"ಧೂಳು ಬರೋಕೆ ಮುಂಚೇನೇ ಮುಚ್ಚಿದ್ದೆ. ನಾನು ನೋಡ್ದೆ."

ನಿಜವೇ. ಅವಳು ಆ ತಿರುವಿನಲ್ಲಿ ಬೈಕನ್ನು ನೆಲಕ್ಕೆ ಬಗ್ಗಿಸಿದಾಗಲೆಲ್ಲ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕಣ್ಣು ಮಿಟುಕಿಸಿದರೆಂದು ಮದುಮಕ್ಕಳನ್ನೇ ಗದರಿಸಿದವನು ನಾನು. ನಾಚಿಕೆಯಾಯಿತು.

"ಭಯ ಆಗುತ್ತೆ ತೇಜು," ಎಂದೆ.

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಕೈಗವಸಿನಿಂದಲೇ ನನ್ನ ಗದ್ದ ಹಿಡಿದು ಸ್ವಲ್ಪ ಮೇಲಕ್ಕೆತ್ತಿದಳು. "ನನಗೂ ಆಗುತ್ತೆ. ಕಣ್ ಮಾತ್ರ ಮುಚ್ಚಲ್ಲ. ನೀನೇ ತಾನೇ ಕಲಿಸಿದ್ದು?"

ಕೊನೆಯ ರೇಸಿಗೆ ಹೊಸ ತುಂಡು ಬಾಯಿಗೆ ಬಂತು. ಬಾವುಟ ಏರಿತು. ನಲವತ್ತೊಂದು ಬರುವುದು ಕಂಡಿತು. ಮೊಣಕೈ ಒತ್ತಿದೆ, ಸೊಂಟದಿಂದ ತಿರುಗತೊಡಗಿದೆ. ಅವಳು ಬಗ್ಗಿದಳು. ಮೊಣಕಾಲು ಮಣ್ಣಿಗೆ ಇನ್ನೇನು ತಾಗಬೇಕು, ನನ್ನ ರೆಪ್ಪೆ ನಡುಗಿತು, ಮುಚ್ಚಲಿಲ್ಲ. ಕ್ಲಿಕ್ ಮಾಡಿದೆ. ತಿರುಗುವುದನ್ನು ನಿಲ್ಲಿಸಬಾರದು ಎಂದಿದ್ದಳಲ್ಲ, ನಿಲ್ಲಿಸಲಿಲ್ಲ. ಒಂದು ಸುತ್ತು ಪೂರ್ತಿ ತಿರುಗಿ, ಕಾಲು ತೊಡರಿ, ಟೈರು ರಾಶಿಯೊಳಗೆ ಅಂಡೂರಿ ಕೂತುಬಿಟ್ಟೆ. ದಿಲ್‌ಪಸಂದ್ ಗಂಟಲಿಗಿಳಿಯಿತು. ಕ್ಯಾಮೆರಾ ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದೆ.

ಅವಳು ಐದನೆಯವಳಾಗಿ ಬಂದಳು. ಅವಳೂ ಮುಕ್ತಾರ್ ಭಾಯಿಯೂ ಸೇರಿ ನನ್ನನ್ನು ಟೈರಿನಿಂದ ಕಿತ್ತರು. ಮೂವರೂ ಬಗ್ಗಿ ಕ್ಯಾಮೆರಾ ನೋಡಿದೆವು. ಹಿಂದಿನ ಮರ, ಜನ, ಶಾಮಿಯಾನ ಎಲ್ಲ ಗೆರೆಗೆರೆಯಾಗಿ ಓಡುತ್ತಿದ್ದವು. ನಡುವೆ ನನ್ನ ಮಗಳು, ಹೆಲ್ಮೆಟ್ಟಿನ ಸಂದಿಯಲ್ಲಿ ಕಣ್ಣು ಅಗಲ ಬಿಟ್ಟುಕೊಂಡು. ಮುಕ್ತಾರ್ ಭಾಯ್ ಸ್ಟಿಕ್ಕರನ್ನು ಫೋನ್ ನಂಬರಿನ ಸಮೇತ ಗಟ್ಟಿಯಾಗಿ ಓದಿದರು.

"ವಾಹ್! ನಾಳೆ ಬಂದು ಟೈರ್ ತಗೊಂಡ್ ಹೋಗಮ್ಮಾ."

ತೇಜಶ್ರೀ ಮಾತ್ರ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ.

"ಹೆಂಗಿದೆ?"

"ಕಿವಿ ಎರಡೂ ಕಾಣ್ತಿಲ್ಲ."

"ಹೆಲ್ಮೆಟ್ ಹಾಕಿದ್ಯಲ್ಲೇ!"

"ರೂಲ್ಸ್ ಅಂದ್ರೆ ರೂಲ್ಸ್ ಅಪ್ಪ. ಮುಂದಿನ್ ಭಾನುವಾರ ಬಂದು ಇನ್ನೊಂದ್ಸಲ ತೆಗಿ." ಅವಳ ತುಟಿಯ ಮೂಲೆಯಲ್ಲಿ ನಗು ಇತ್ತು. "ಮದುವೆ ಗಿದುವೆ ಇದ್ಯಾ?"

ಅದು ಮಾಘ ಮಾಸ, ಲಗ್ನಗಳ ಸುಗ್ಗಿ. ಮುಂದಿನ ಭಾನುವಾರ ಹೊರಮಾವಿನಲ್ಲಿ ನಿಜವಾಗಿಯೂ ಒಂದು ಮದುವೆ ಒಪ್ಪಿಕೊಂಡಿದ್ದೆ. ಹಲಸೂರಿನ ಸ್ಟುಡಿಯೋದ ಗೆಳೆಯನನ್ನು ಕಳಿಸಿದರಾಯಿತು.

"ಆಷಾಢದಲ್ಲಿ ಎಲ್ಲೀ ಮದುವೆ?" ಎಂದೆ. "ಬರ್ತೀನಿ."