ಹಾಪ್ಕಿನ್ಸ್ ಕುದುರೆ

ಶಿಲುಬೆಯನ್ನು ಮಣ್ಣಿಗೆ ಊರುತ್ತಿದ್ದ ಕೆಲಸಗಾರನ ಮುಂಗೈಯನ್ನು ಸಾವಿತ್ರವ್ವ ಗಪ್ಪನೆ ಹಿಡಿದಳು. "ಏ ತಮ್ಮಾ, ಬಿಡು. ಇದು ನಮ್ಮದಲ್ಲ."

ಜರ್ಮನಿಯ ಇಂಗೋಲ್‌ಸ್ಟಾಟ್‌ನ ಸ್ಮಶಾನದವನಿಗೆ ಕನ್ನಡ ಎಲ್ಲಿಂದ ಬರಬೇಕು? ಅವನು ಗುಂಡಿಯ ಆಚೆ ನಿಂತಿದ್ದ ಅವಳ ಮಗ ಪ್ರವೀಣಕುಮಾರನ ಮುಖ ನೋಡಿದ. ಪ್ರವೀಣ ನೆಲ ನೋಡಿದ. ಪೆಟ್ಟಿಗೆ ಆಗಲೇ ಕೆಳಗಿಳಿದಿತ್ತು. ಕೂರಿಸಿ ಮಣ್ಣು ಮಾಡಬೇಕಾದ ಗಂಡ ಹಾಲಸಿದ್ದಪ್ಪನನ್ನು ಇಲ್ಲಿಯ ಕಾಯಿದೆಯಂತೆ ಮಲಗಿಸಿದ್ದನ್ನು ಸಾವಿತ್ರವ್ವ ಹಲ್ಲು ಕಚ್ಚಿ ಸಹಿಸಿಕೊಂಡಿದ್ದಳು. ಈಗ ತಲೆಯ ಕಡೆಗೆ ಮರದ ಶಿಲುಬೆ. ಅದರ ಅಡ್ಡಪಟ್ಟಿಯ ಮೇಲೆ ಬರೀ 'ಹಾಪ್ಕಿನ್ಸ್' ಎಂದು ಕೆತ್ತಿತ್ತು.

"ಕೊರಳಾಗ ಲಿಂಗ ಇದ್ದ ಮನಷ್ಯಾಗ ಶಿಲುಬಿ ಯಾರ್ ತರಸಿದ್ರೋ?"

"ಮನಿ ಓನರ್ ಫ್ರಾವ್ ಹೂಬರ್ ತರಸ್ಯಾರ ಯವ್ವಾ. ಪಾದ್ರಿನ್ನೂ ಅವರ ಕರದಾರ. ಆಮ್ಯಾಲೆ ತಗಿಸೂಣು, ಈಗ ಸುಮ್ಮನಿರು."

"ಅಕಿಗೆ ನೀ ಏನ್ ಹೇಳಿದಿ?"

"ನಾ ಏನೂ ಹೇಳಿಲ್ಲ."

ಅದು ನಿಜ. ಅವನು ಏನೂ ಹೇಳಿರಲಿಲ್ಲ. ರಗಳೆ ಶುರುವಾದದ್ದೇ ಅಲ್ಲಿಂದ.

*

ಜರ್ಮನಿ ಆಗ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದ ಹೊಸದರಲ್ಲಿ ಪ್ರವೀಣ ಬಾಡಿಗೆ ಮನೆಗಾಗಿ ಅಲೆದು ಬೂಟು ಸವೆಸಿದ್ದ. ಫೋನಿನಲ್ಲಿ ಹಾಪ್ಕಿನ್ಸ್ ಎಂಬ ಅಡ್ಡಹೆಸರು ಕೇಳಿ ಫ್ರಾವ್ ಹೂಬರ್ ಮನೆ ನೋಡಲು ಕರೆದಳು. ಎದುರಿಗೆ ಕಂಡ ಮೇಲೆ ಒಂದು ಗಳಿಗೆ ತಡೆದು, "ಇಂಗ್ಲಿಷರ ಕಡೆಯ ಕ್ರೈಸ್ತರಿರಬೇಕು" ಎಂದು ತಾನೇ ಸಮಾಧಾನ ಮಾಡಿಕೊಂಡಳು. ಪ್ರವೀಣ ನಕ್ಕು ಸುಮ್ಮನಾದ. ಅವಳ ಮನೆಯ ಮೇಲಂತಸ್ತಿನ ಕೀಲಿ ಸಿಕ್ಕಿತು.

ಅಪ್ಪ ಅವ್ವ ಬಂದು ಜೊತೆಗಿರತೊಡಗಿದ ಮೇಲೆ ಆ ನಗೆ ಕುತ್ತಿಗೆಗೆ ಬಂತು. ಹಾಲಸಿದ್ದಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಅಡ್ಡಹೆಸರು ಕೇಳಿ ಯಾರಾದರೂ ಹುಬ್ಬೇರಿಸಿದರೆ ಸಾಕು, ಟಿಕೆಟ್ ಹರಿಯುವುದನ್ನೂ ಬಿಟ್ಟು ಶುರುಮಾಡುತ್ತಿದ್ದ: "ನಾವು ಸಾಹೇಬರಲ್ರೀ, ಇದು ಕುದರಿಯಿಂದ ಬಂದ ಹೆಸರು. ನಮ್ಮ ಮುತ್ಯಾ ಶಿವಪ್ಪ ಗಿರಣಿ ಸಾಹೇಬ ಹಾಪ್ಕಿನ್ಸನ ಕುದರಿ ಮೇಸತಿದ್ದ. ಸಾಹೇಬ ಊರಿಗೆ ಹೋದ, ಕುದರಿ ನಮ್ಮ ಹಿತ್ತಲದಾಗ ಉಳೀತು. ಹಾಪ್ಕಿನ್ಸ್ ಕುದರಿ ಇದ್ದ ಮನಿ ಹಾಪ್ಕಿನ್ಸ್ ಮನಿ ಆತು. ಅಣ್ಣತಮ್ಮರು ಬ್ಯಾರೆ ಆಗಿ ಭಾಂಡೆ ಜೋಡಿ ಹೆಸರೂ ಒಯ್ದ್ರು. ಈಗ ಗದಗದಿಂದ ಸೊಲ್ಲಾಪುರದ ತನಕ ಹಾಪ್ಕಿನ್ಸರ ಅದಾರ!" ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಇಲ್ಲಿ ಆ ಕತೆ ಹೇಳಲು ಅವನಿಗೆ ಭಾಷೆಯಿರಲಿಲ್ಲ. "ಕೆಳಗಿನ ಅಕ್ಕಾರಿಗೆ ನೀನರ ಹೇಳೋ" ಎಂದು ಮಗನ ಬೆನ್ನು ಹತ್ತಿದ್ದ.

"ಹೇಳ್ತೀನಿ ಬಿಡಪಾ. ನೀ ಮೊದಲ ಹಣಿ ಒರಸ್ಕೊಂಡು ಕೆಳಗ ಇಳಿ."

ಹಾಲಸಿದ್ದಪ್ಪ ಮೆಟ್ಟಿಲ ಮೇಲೆ ನಿಂತು, ಮಗ ಜೇಬಿನಿಂದ ತೆಗೆದುಕೊಟ್ಟ ಕರವಸ್ತ್ರದಲ್ಲಿ ವಿಭೂತಿ ಒರೆಸಿಕೊಂಡು, ಅದನ್ನು ಮಡಚಿ ವಾಪಸು ಕೊಟ್ಟು ಇಳಿಯುತ್ತಿದ್ದ. ಕಂಡಾಗಲೆಲ್ಲ ಸಾವಿತ್ರವ್ವನ ಮೈ ಉರಿಯುತ್ತಿತ್ತು.

*

"ಈಗ ಅಕಿಗೆ ಹೇಳು" ಎಂದಳು ಸಾವಿತ್ರವ್ವ. "ಮಣ್ಣ ಮುಚ್ಚೂದರೊಳಗ ಹೇಳು. ಅಲ್ಲೀತನಕ ನಾ ಇವನ ಕೈ ಬಿಡಾಂಗಿಲ್ಲ."

"ಯವ್ವಾ, ಮನಿ ಬಿಡಸಿದ್ರ?"

"ಬಿಡಸ್ಲಿ. ನಿಮ್ಮಪ್ಪಾರೇ ಬಿಟ್ಟು ಹೋದ್ರಲ್ಲ."

ಅಷ್ಟರಲ್ಲಿ ಫ್ರಾವ್ ಹೂಬರ್ ಹತ್ತಿರ ಬಂದಳು. ಅತ್ತು ಕಣ್ಣು ಕೆಂಪಾಗಿದ್ದವು. "ಏನಾಯಿತು ಹೆರ್ ಹಾಪ್ಕಿನ್ಸ್? ಅಮ್ಮನಿಗೆ ಶಿಲುಬೆಯ ಮರ ಹಿಡಿಸಲಿಲ್ಲವೇ?"

ಪ್ರವೀಣ ಜರ್ಮನ್‌ನಲ್ಲಿ ತಡವರಿಸುತ್ತ ಹೇಳಿದ. ಲಿಂಗದ ವಿಷಯ ಹೇಳಿದ, ಕುದುರೆಯ ವಿಷಯ ಹೇಳಿದ. ಅಪ್ಪನ ಬಾಯಲ್ಲಿ ಬಸ್ಸನ್ನೇ ನಗಿಸುತ್ತಿದ್ದ ಕತೆಗೆ ಇಲ್ಲಿ ಯಾರೂ ನಗಲಿಲ್ಲ. ಪಾದ್ರಿ ಪುಸ್ತಕ ಮುಚ್ಚಿದ.

"ಕ್ರಿಸ್‌ಮಸ್ಸಿಗೆ ನಿಮ್ಮ ತಂದೆಯನ್ನು ಚರ್ಚಿಗೆ ಕರೆದೊಯ್ದೆ" ಎಂದಳು ಫ್ರಾವ್ ಹೂಬರ್. "ಪಾಪ, ಕೊನೆಯತನಕ ಕೂತಿದ್ದರು. ನನಗೆ ಒಂದು ಮಾತು ಹೇಳಬಾರದಿತ್ತೇ? ನಾನೇನು ನಿಮ್ಮನ್ನು ಬೀದಿಗೆ ಹಾಕುತ್ತಿದ್ದೆನೇ?"

ಅವಳು ಉತ್ತರಕ್ಕೆ ಕಾಯದೆ ಸಿಟ್ಟಿನಲ್ಲೇ ಕೆಲಸಗಾರನಿಗೆ ಕೈಸನ್ನೆ ಮಾಡಿದಳು. ಸಾವಿತ್ರವ್ವ ಕೈ ಬಿಟ್ಟಳು, ಅವನು ಶಿಲುಬೆಯ ತಿರುಪು ಬಿಚ್ಚಿದ. ಅಡ್ಡಪಟ್ಟಿ ಹೆಸರಿನ ಸಮೇತ ಕಳಚಿ ಬಂತು. ಗುಂಡಿಯ ತಲೆಗೆ ಬೋಳು ಕಂಬವೊಂದು ಉಳಿಯಿತು.

ಸಾವಿತ್ರವ್ವ ಸೆರಗಿನ ಗಂಟು ಬಿಚ್ಚಿ, ಇಬ್ಬನಿಗೆ ಒದ್ದೆಯಾದ ಕಂಬದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಬೆರಳಿಗೆ ಉಳಿದದ್ದನ್ನು ಎಲ್ಲರೆದುರು ಮಗನ ಹಣೆಗೆ ಎಳೆದಳು. ಅವನ ಕೈ ರೂಢಿಯಂತೆ ಜೇಬಿಗೆ ಹೋಯಿತು. ಕರವಸ್ತ್ರ ಹೊರಗೆ ಬಂತು. ಅದರ ಮಡಿಕೆಯಲ್ಲಿ ಅಪ್ಪನ ಹಣೆಯ ವಿಭೂತಿ ಇನ್ನೂ ಬೆಳ್ಳಗೆ ಹತ್ತಿಕೊಂಡಿತ್ತು.