ಎತ್ತಿಕೊಡುವವಳು

ಅರೆದ ಇದ್ದಿಲಿಗೆ ತೊಂಡೆಸೊಪ್ಪಿನ ರಸ ಹಿಂಡಿ, ಅದರಲ್ಲಿ ಹಳೇ ಬಟ್ಟೆ ಅದ್ದಿ ಸೋಮಮ್ಮ ಕರಿಹಲಗೆಗೆ ಬಳಿಯುತ್ತಿದ್ದಳು. ಶಿವಶಂಕರ್ ಮೇಷ್ಟ್ರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಹಲಗೆಯ ಮೂಲೆಗಳಿಗೂ ಕಪ್ಪು ಹಿಡಿದ ಮೇಲೆ ಅವಳು ಕೈ ಒರೆಸಿಕೊಂಡು ಬಾಗಿಲ ಬಳಿ ನಿಂತಳು. ಒಳಗೆ ಕೂರುವ ಹಾಗಿರಲಿಲ್ಲ. ಮಗಳು ದೊಡ್ಡವಳಾದಳೆಂದು ಅಪ್ಪ ಕೆಂಪಣ್ಣ ದೀಪಾವಳಿ ಕಳೆಯುತ್ತಲೇ ಏಳನೇ ಕ್ಲಾಸು ಬಿಡಿಸಿದ್ದ.

"ನಾಳೆ ಇನ್‌ಸ್ಪೆಕ್ಟ್ರು ಬರ್ತಾವ್ರೆ ಕಣಮ್ಮ," ಎಂದರು ಮೇಷ್ಟ್ರು. "ಇಂಗ್ಲಿಷ್ ಕೇಳ್ತಾರಂತೆ. ನೀನು ಸ್ಕೂಲು ಬುಟ್ಮೇಲೆ ಈ ಐಕ್ಳು ಬಾಯೇ ಬುಡ್ತಿಲ್ಲ."

ಬೂಕನಕೆರೆ ಪಕ್ಕದ ಆ ಊರಿನ ಶಾಲೆಯಲ್ಲಿ ಇಂಗ್ಲಿಷ್ ಪಾಠ ಸೋಬಾನೆ ಪದದಂತೆ ನಡೆಯುತ್ತಿತ್ತು. ಮದುವೆ ಮನೆಯಲ್ಲಿ ಒಬ್ಬಳು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಂಡು ಹೇಳುವುದಿಲ್ಲವೇ, ಹಾಗೆ. ಮೇಷ್ಟ್ರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ; ಬೇರೆ ದಾರಿ ತಿಳಿದಿರಲಿಲ್ಲ. ಐದನೇ ಕ್ಲಾಸಿನಿಂದಲೂ ಪ್ರತಿ ಸಾಲಿನ ಮೊದಲೆರಡು ಮಾತು ಎತ್ತಿಕೊಡುತ್ತಿದ್ದವಳು ಸೋಮಮ್ಮ. ನೆಂಟರೆದುರು ತಲೆಯೆತ್ತದ ಹುಡುಗಿಗೆ ಅದೊಂದಕ್ಕೆ ಮಾತ್ರ ಗಂಟಲು ತೆರೆಯುತ್ತಿತ್ತು.

"ಕಿಟಕಿ ಆಚೆ ನಿಂತ್ಕಂಡು ಮೆಲ್ಲಗೆ ಎತ್ಕೊಡು. ನಾಳೆ ನನ್ನ ಮಾನ ಉಳುದ್ರೆ ನಿಮ್ಮಪ್ಪನ್ತಾವ ನಾನೇ ಬತ್ತೀನಿ. ಮತ್ತೆ ಸ್ಕೂಲಿಗೆ ಕಳ್ಸಪ್ಪ ಅಂತೀನಿ."

ಅವತ್ತು ಸಂಜೆ ಕೊಟ್ಟಿಗೆಯ ಸಗಣಿ ಬಾಚುವಾಗಲೂ ಅವಳ ತುಟಿ ಅಲ್ಲಾಡುತ್ತಲೇ ಇತ್ತು.

ಮಾರನೇ ದಿನ ಹುಲ್ಲಿನ ಹೊರೆಯನ್ನು ಗೋಡೆಗೆ ಒರಗಿಸಿ ಅವಳು ಕಿಟಕಿಯಾಚೆ ನಿಂತಳು. ಅವಳ ಕ್ಲಾಸಿನಲ್ಲಿದ್ದ ನಾಗಾರ್ಜುನ ಒಳಗಿನಿಂದ ಇಣುಕಿದ.

"ಏನಮ್ಮೀ ಸೋಮಿ, ಈಗ ಕಿಟಕೀಲೂ ಆಜರಿ ಕೂಗ್ತಾರಾ?"

"ಸುಮ್ಕಿರ್ಲಾ," ಎಂದಳು ಪಕ್ಕದ ತನುಶ್ರೀ. "ಅವ್ಳಿಲ್ದಿದ್ರೆ ನಿನ್ ಬಾಯಿಗೆ ಬೀಗ."

ಕೆ.ಆರ್. ಪೇಟೆಯಿಂದ ಜೀಪು ಬಂತು. ಇನ್‌ಸ್ಪೆಕ್ಟರು ಪುಸ್ತಕದ ಹಸುವಿನ ಚಿತ್ರ ತೋರಿಸಿ, ಇದರ ಬಗ್ಗೆ ಹೇಳಿ ಎಂದರು. ಯಾರೂ ಉಸಿರೆತ್ತಲಿಲ್ಲ. ಕಿಟಕಿಯಾಚೆಯಿಂದ ಸಣ್ಣ ದನಿಯೊಂದು "ದಿಸ್ ಈಸ್" ಎಂದಿತು. ತೂಬು ಎತ್ತಿದ ಹಾಗೆ ಇಡೀ ಕ್ಲಾಸು ಹರಿಯಿತು. ಸಾಲಿಗೊಮ್ಮೆ ಆ ದನಿ, ಹಿಂದೆಯೇ ಮಕ್ಕಳ ಗದ್ದಲ. ಪುಟ ಮುಗಿದಾಗ ಮೇಷ್ಟ್ರು ಮುಖ ಒರೆಸಿಕೊಂಡರು.

"ಚೆನ್ನಾಗಿದೆ," ಎಂದರು ಇನ್‌ಸ್ಪೆಕ್ಟರು. " ಈಗ ನೀನೊಬ್ಬಳೇ ಹೇಳಮ್ಮ."

ತನುಶ್ರೀ ಎದ್ದು ನಿಂತು ಕಿಟಕಿಯ ಕಡೆ ನೋಡಿದಳು. ಇನ್‌ಸ್ಪೆಕ್ಟರೂ ಅತ್ತಲೇ ನೋಡಿದರು.

ಅವರು ಸೋಮಮ್ಮನನ್ನು ಒಳಗೆ ಕರೆಸಿದರು. ಗದರಲಿಲ್ಲ. "ಹೆದರ್ಕೋಬೇಡ. ನಿನ್ನ ಹೆಸರು ಇಂಗ್ಲಿಷ್‌ನಲ್ಲಿ ಹೇಳು ನೋಡೋಣ."

ಇದು ಅವಳಿಗೆ ಬರುತ್ತಿತ್ತು. ಎಷ್ಟು ಸಲ ಎತ್ತಿಕೊಟ್ಟಿಲ್ಲ!

"ಮೈ ನೇಮ್," ಎಂದಳು. ಎಂದವಳು ಅಲ್ಲಿಗೇ ನಿಂತು, ಕ್ಲಾಸು ಹಿಡಿದುಕೊಳ್ಳಲೆಂದು ಕಾದಳು. ದಿನಾ ನಿಲ್ಲುತ್ತಿದ್ದುದೇ ಅಲ್ಲಿ. ಮುಂದಿನದನ್ನು ಅವಳು ಯಾವತ್ತೂ ಹೇಳಿರಲಿಲ್ಲ. ಅದು ಉಳಿದವರ ಪಾಲು. ಉಳಿದವರು ಇನ್‌ಸ್ಪೆಕ್ಟರ ಬೂಟು ನೋಡುತ್ತಾ ಬಾಯಿ ಮುಚ್ಚಿ ಕೂತಿದ್ದರು. ಅವಳು ಮತ್ತೆ "ಮೈ ನೇಮ್" ಎಂದಳು. ನಾಲಿಗೆ ಅದರಾಚೆಗೆ ಹೋಗಲಿಲ್ಲ. ತನ್ನದೇ ಹೆಸರು.

"ಅರ್ಧ ಇವಳ ಹತ್ರ, ಅರ್ಧ ಅವರ ಹತ್ರ," ಎಂದರು ಇನ್‌ಸ್ಪೆಕ್ಟರು, ಬೇಸರದಿಂದ. "ಒಬ್ಬರಿಗೂ ಬರಲ್ಲ ಮೇಷ್ಟ್ರೇ. ನಾನೇನಂತ ಬರ್ಕೊಳ್ಳಲಿ?"

ಜೀಪು ಹೋಯಿತು. ಮಕ್ಕಳು ಊಟಕ್ಕೆ ಓಡಿದರು.

ಸೋಮಮ್ಮ ಹೊರೆಯನ್ನು ತಲೆಗೇರಿಸಿಕೊಂಡು ಕಾದಳು. ಮೇಷ್ಟ್ರು ಬಾಗಿಲಿಗೆ ಬೀಗ ಹಾಕಿ, ಅವಳತ್ತ ನೋಡದೆ ಜಗಲಿಯಿಂದ ಸೈಕಲ್ಲು ಇಳಿಸಿ ತಳ್ಳಿಕೊಂಡು ಹೊರಟರು. ಅವಳು ಹಿಂದೆ ಹಿಂದೆ ನಡೆದಳು. ಅವಳ ಮನೆ ಎಡಕ್ಕೆ. ಸೈಕಲ್ಲು ಬಲಕ್ಕೆ ತಿರುಗಿತು.

"ಸಾ," ಎಂದಳು, ಎತ್ತಿಕೊಡುವಾಗಿನ ದನಿಯಲ್ಲೇ. "ನಮ್ಮಪ್ಪನ್ತಾವ ಒಂದ್ಸಲ ಬನ್ನಿ ಸಾ."